ರಸಮಟ್ಟ ಭಾವನ ಹಿತ್ತಲ ದಿಬ್ಬಗಳು

ಬುಲ್ಡೋಜರಿಗೆ ಸೊಂಟದ ಅಳತೆ ತೆಗೆದ ದರ್ಜಿ ಈ ಭೂಮಿಯ ಮೇಲೆ ಬಹುಶಃ ನಾನೊಬ್ಬಳೇ. ಅದಕ್ಕೆ ಕಾರಣ ನನ್ನ ಭಾವ, ಅಂದರೆ ನನ್ನ ಅಕ್ಕನ ಗಂಡ. ಅವರ ವಿಷಯ ಹೇಳಹೊರಟರೆ ನನಗೆ ಮೊದಲು ನಗು ಬರುತ್ತದೆ, ಆಮೇಲೆ ಸಿಟ್ಟು, ಕೊನೆಗೆ ಅಕ್ಕರೆ. ಅದೇ ಕ್ರಮದಲ್ಲಿ ಹೇಳಿಬಿಡುತ್ತೇನೆ.

ಭಾವ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತರಾಗುವವರೆಗೂ ರೋಡ್ ರೋಲರ್ ಓಡಿಸಿದವರು. ಓಡಿಸಿದರು ಅನ್ನುವುದು ಮಾತಿಗಷ್ಟೆ. ಅದರ ಪಕ್ಕದಲ್ಲಿ ನಡೆದು ಹೋಗುವವರು ಮುಂದಿನ ಅಂಗಡಿಯಲ್ಲಿ ಕೂತು ಚಹಾ ಕುಡಿದು, ನಾಲ್ಕು ಮಾತಾಡಿ ಎದ್ದು ಹೊರಟರೂ ಇವರಿಗಿಂತ ಮುಂದೆಯೇ ಇರುತ್ತಿದ್ದರು. ಜೀವಮಾನದಲ್ಲಿ ಯಾರನ್ನೂ ಹಿಂದಿಕ್ಕದ ಮನುಷ್ಯ. ಆದರೆ ಇವರು ಉರುಳಿಸಿ ಹೋದ ರಸ್ತೆಯಲ್ಲಿ ಬಸ್ಸು ಕುಲುಕುತ್ತಿರಲಿಲ್ಲ, ನೀರು ನಿಲ್ಲುತ್ತಿರಲಿಲ್ಲ. ಜೊತೆಯ ಕೆಲಸದವರು ಅವರಿಗೆ 'ರಸಮಟ್ಟ' ಎಂದು ಹೆಸರಿಟ್ಟಿದ್ದರು. ರಸಮಟ್ಟ ಅಂದರೆ ಗಾರೆಯವರು ನೆಲ ಸಮವಾಗಿದೆಯೋ ಇಲ್ಲವೋ ನೋಡಲು ಇಡುವ, ಒಳಗೆ ಗುಳ್ಳೆ ಓಡಾಡುವ ಪಟ್ಟಿ. ಭಾವನಿಗೆ ಆ ಪಟ್ಟಿಯ ಹಂಗಿರಲಿಲ್ಲ, ಕಣ್ಣಳತೆಯೇ ಸಾಕಿತ್ತು.

ಮನೆಯಲ್ಲೂ ಅದೇ ಗೋಳು. ಊಟದ ಮೇಜಿನ ಒಂದು ಕಾಲಿನಡಿ ಮಡಚಿಟ್ಟ ರಟ್ಟು. ಗೋಡೆಯ ಕ್ಯಾಲೆಂಡರ್ ಒಂದು ಎಳೆ ವಾರೆಯಾದರೂ ಊಟದ ನಡುವೆಯೇ ಎದ್ದು ಕೈ ತೊಳೆದು ಸರಿ ಮಾಡಬೇಕು. ಬಡಿಸಿದ ಅನ್ನ ಗುಡ್ಡೆಯಾಗಿದ್ದರೆ ಬೆರಳಿನಿಂದ ಹರಡಿ ಸಮ ಮಾಡಿಯೇ ಮೊದಲ ತುತ್ತು. "ನಿನ್ನ ಗಂಡ ಊಟ ಮಾಡ್ತಿದಾರೋ, ಡಾಂಬರು ಹಾಕ್ತಿದಾರೋ?" ಎಂದು ನಾನು ಅಕ್ಕನನ್ನು ಕೇಳುವುದಿತ್ತು. ಅಕ್ಕ ನಗುತ್ತಿದ್ದಳು. ಆ ನಿಧಾನದ ಮನುಷ್ಯನ ಜೊತೆ ಅವಳು ನೆಮ್ಮದಿಯಾಗಿದ್ದಳು.

ಇವರಿಬ್ಬರಿಗೆ ಮದುವೆಯಾಗಿ ಬಹಳ ಕಾಲದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಚೂಟಿ. ಅದು ನಾನಿಟ್ಟ ಹೆಸರು. ನಡೆಯಲು ಕಲಿಯುವ ಮೊದಲೇ ಓಡಲು ಕಲಿತವಳಿಗೆ ಇನ್ನೇನೆಂದು ಕರೆಯುವುದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ನಮ್ಮಕ್ಕ ಒದ್ದೆ ನೆಲ ಕಂಡರೆ ಗೋಡೆ ಹಿಡಿದು ನಡೆಯುವವಳು, ಅಪ್ಪ ನೋಡಿದರೆ ರೋಲರಿನವರು. ಇವಳ ನೂಲು ಯಾವ ರಾಟೆಯಿಂದ ಬಂತೋ ನನಗೆ ಇವತ್ತಿಗೂ ತಿಳಿದಿಲ್ಲ. ಬೈಕು ರಿಪೇರಿ ಮಾಡುವ ಸರ್ವಿಸ್ ಸೆಂಟರಿನಲ್ಲಿ ಮೆಕ್ಯಾನಿಕ್ ಕೆಲಸಕ್ಕೆ ಸೇರಿದಳು, ಯಾರೋ ಮೂಲೆಗೆಸೆದಿದ್ದ ಡರ್ಟ್ ಬೈಕನ್ನು ತಂದು ತಾನೇ ಬಿಚ್ಚಿ ಜೋಡಿಸಿದಳು. ಮಣ್ಣಿನಲ್ಲಿ, ಕಲ್ಲಿನಲ್ಲಿ ಹಾರಿಸುವುದಕ್ಕೆಂದೇ ಮಾಡಿದ ಗಾಡಿ ಅದು. ಭಾನುವಾರ ಬಂತೆಂದರೆ ಜೊತೆಯವರೊಂದಿಗೆ ಊರಾಚೆಯ ಹಳೇ ಕಲ್ಲುಕ್ವಾರಿಗೆ ಹೋಗುವುದು ಅಭ್ಯಾಸವಾಯಿತು.

ಆ ಕ್ವಾರಿಯಲ್ಲಿ ಅವಳು ಒಂದು ದಿನ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಯಾರದೋ ವ್ಯಾನಿನಲ್ಲಿ ಮನೆಗೆ ಬಂದು, ಹಲ್ಲು ಕಚ್ಚಿಕೊಂಡು ನಗುತ್ತ, "ಏನಿಲ್ಲ ಅಮ್ಮ, ಸ್ವಲ್ಪ ಜಾರಿದೆ" ಅಂದಳು. ಅಕ್ಕ ಅವತ್ತು ಅಳಲಿಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿ ಫೋನು ಸಿಗುವುದಿಲ್ಲ. ಬಿದ್ದ ಮೇಲೆ, ಜೊತೆಯವರು ಹೋಗಿ ಆ ವ್ಯಾನು ತರುವವರೆಗೆ, ಬಹಳ ಹೊತ್ತು ಅವಳು ಕಲ್ಲಿನ ಮೇಲೆಯೇ ಮಲಗಿದ್ದಳು. ಅದು ತಿಳಿದ ದಿನದಿಂದ ಅಕ್ಕನ ನಿದ್ದೆ ಹೋಯಿತು. ಗೇಟು ಸದ್ದಾದರೆ ಎದ್ದು ನಿಲ್ಲುತ್ತಿದ್ದಳು, ಸದ್ದಾಗದಿದ್ದರೂ ಎದ್ದು ನಿಲ್ಲುತ್ತಿದ್ದಳು. ಕೈಯಲ್ಲಿ ಹಿಡಿದ ಪಾತ್ರೆಯನ್ನು ಎಲ್ಲಿಡಬೇಕೆಂದು ಮರೆತು ನಿಂತಿದ್ದನ್ನು ನಾನೇ ನೋಡಿದ್ದೇನೆ.

ಮೂಳೆ ಕೂಡಿತು. ಡಾಕ್ಟರು ಸರಿ ಅಂದರು. ಚೂಟಿ ಊಟಕ್ಕೆ ಕೂತಾಗ, "ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮತ್ತೆ ಕ್ವಾರಿಗೆ ಹೋಗ್ತೀನಿ" ಅಂದಳು. ಅಕ್ಕ ತಟ್ಟೆ ಸರಿಸಿ ಎದ್ದಳು.

"ಬೈಕ್ ಮಾರು ಅಂತ ನಾನು ಹೇಳಲ್ಲ. ಹೇಳಿದ್ರೆ ನೀನು ಕೇಳೋಳೂ ಅಲ್ಲ. ಆದ್ರೆ ನೀನು ಅಲ್ಲಿ ಬಿದ್ದಿದೀಯ, ನಾನು ಇಲ್ಲಿ ಪಾತ್ರೆ ತೊಳೀತಿದೀನಿ. ಇದು ನನ್ನ ಕೈಲಾಗಲ್ಲ."

ಉತ್ತರ ಕೊಟ್ಟದ್ದು ಭಾವ, ಅದೂ ಅನ್ನವನ್ನು ಸಮ ಮಾಡುತ್ತ. "ನಮ್ಮ ಹಿತ್ತಲಲ್ಲೇ ಟ್ರ್ಯಾಕ್ ಮಾಡಿದ್ರೆ?"

ಹಿತ್ತಲು ದೊಡ್ಡದೇ. ಅವರ ಮನೆಗೂ ಪಕ್ಕದ ನನ್ನ ಮನೆಗೂ ಸೇರಿ ಹಿಂದೆ ಉದ್ದಕ್ಕೆ ಬಿದ್ದಿರುವ ಜಾಗ. ಅಲ್ಲಿದ್ದದ್ದು ಕಳೆ, ಒಡೆದ ಸಿಮೆಂಟ್ ತೊಟ್ಟಿ, ನಾನು ಬಟ್ಟೆ ಒಣಗಿಸುವ ತಂತಿ.

"ಹಾರೋಕೆ ದಿಬ್ಬ ಇರ್ಬೇಕು ಅಪ್ಪ, ನಿಜವಾದ ದಿಬ್ಬ," ಅಂದಳು ಚೂಟಿ. "ಬರೀ ಸುತ್ತು ಹೊಡೆಯೋದಾದ್ರೆ ನಾನು ಕ್ವಾರಿಗೇ ಹೋಗ್ತೀನಿ. ಸುಳ್ಳು ಹೇಳಿ ಹೋಗಲ್ಲ, ಹೇಳೇ ಹೋಗ್ತೀನಿ."

"ದಿಬ್ಬ ಇರುತ್ತೆ," ಅಂದರು ಭಾವ. ಮಾತು ಕೊಟ್ಟಾಯಿತು. ಬದುಕೆಲ್ಲ ನೆಲ ಚಪ್ಪಟೆ ಮಾಡಿದ ಮನುಷ್ಯ ದಿಬ್ಬ ಕಟ್ಟುತ್ತೇನೆಂದು ಒಪ್ಪಿಕೊಂಡದ್ದು ನಮಗ್ಯಾರಿಗೂ ಆಗ ವಿಚಿತ್ರ ಅನ್ನಿಸಲಿಲ್ಲ.

ಯಂತ್ರ ಆರಿಸಲು ಭಾವ ನನ್ನನ್ನು ಕರೆದುಕೊಂಡು ಹೊರಟರು. ನನ್ನ ಕೊರಳಲ್ಲಿ ಸದಾ ಅಳತೆ ಟೇಪು ಇರುತ್ತದೆ, ಅದಕ್ಕೆ. ಹಿತ್ತಲಿಗೆ ಹೋಗಲು ಮನೆಗೂ ಕಾಂಪೌಂಡಿಗೂ ನಡುವಿನ ಓಣಿಯೊಂದೇ ದಾರಿ. ಅದರ ಅಗಲ ಅಳೆಸಿ, ಟೇಪಿನಲ್ಲಿ ಆ ಜಾಗಕ್ಕೆ ಒಂದು ಪಿನ್ನು ಚುಚ್ಚಿಸಿದರು. ಆ ಪಿನ್ನಿನ ಒಳಗೆ ಬರುವ ಯಂತ್ರವಷ್ಟೇ ನಮಗೆ ಬೇಕಾದದ್ದು.

ಬಾಡಿಗೆಗೆ ಯಂತ್ರ ಕೊಡುವವರ ಅಂಗಳದಲ್ಲಿ ತಗಡಿನ ಶೆಡ್ಡು, ನೆಲದ ತುಂಬ ಎಣ್ಣೆಯ ಕಲೆ, ಸಾಲಾಗಿ ನಿಂತ ಹಳದಿ ಯಂತ್ರಗಳು. ಯಜಮಾನರು ಯಾವ ಪ್ರಶ್ನೆಗೂ "ಆಗುತ್ತೆ" ಅನ್ನುವ ಆಸಾಮಿ. ನಾವು ಅವರನ್ನು ಆಗುತ್ತೆಯವರು ಎಂದೇ ಕರೆಯುವುದು.

"ಬೈಕ್ ಟ್ರ್ಯಾಕಿಗಾ? ಬುಲ್ಡೋಜರ್ ಒಯ್ದುಬಿಡಿ. ಬೆಳಗ್ಗೆ ಇಳಿಸಿದ್ರೆ ಮಧ್ಯಾಹ್ನಕ್ಕೆ ಕೆಲಸ ಮುಗೀತು."

"ನಮ್ಮ ಓಣೀಲಿ ಹೋಗುತ್ತಾ?" ಎಂದು ಕೇಳಿದರು ಭಾವ.

"ಆಗುತ್ತೆ."

ನಾನು ಬುಲ್ಡೋಜರಿನ ಮುಂದೆ ಟೇಪು ಹಿಡಿದೆ. ಪಿನ್ನು ದಾಟಿತು, ಟೇಪೇ ಮುಗಿಯಿತು, ಬುಲ್ಡೋಜರ್ ಮಾತ್ರ ಇನ್ನೂ ಉಳಿದಿತ್ತು.

"ಕಾಂಪೌಂಡ್ ಒಂಚೂರು ಬಿಚ್ಚಿದ್ರೆ ಆಗುತ್ತೆ," ಅಂದರು ಯಜಮಾನರು.

"ಮನೇನೂ ಬಿಚ್ಚಿಬಿಟ್ರೆ ಇನ್ನೂ ಸಲೀಸಾಗಿ ಆಗುತ್ತೆ," ಅಂದೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವ ಜನ ಇವರು.

ಮುಂದೆ ಜೆಸಿಬಿ. ಅದರ ಅಗಲವೂ ಪಿನ್ನಿನಾಚೆ. ಹಿಂದೆ ಒಂದು ಕೈ, ಮುಂದೆ ಒಂದು ಬಾಯಿ ಇರುವ ಆ ಯಂತ್ರದ ಸುತ್ತ ಭಾವ ಒಂದು ಸುತ್ತು ಬಂದು, "ಇದು ತಿರುಗೋಕೇ ಅರ್ಧ ಹಿತ್ತಲು ಬೇಕು" ಅಂದರು. ಟ್ರ್ಯಾಕ್ಟರಿಗೆ ಹಿಂದೆ ಮಣ್ಣು ಹೆರೆಯುವ ಕಬ್ಬಿಣದ ಪಟ್ಟಿ ಕಟ್ಟಿ ತರುತ್ತೇವೆ ಎಂದು ಯಜಮಾನರು ಇನ್ನೊಂದು ತೋರಿಸಿದರು. ಅದು ಮಣ್ಣನ್ನು ಎಳೆಯುತ್ತದೆ, ಎತ್ತಿ ಗುಡ್ಡೆ ಹಾಕುವುದಿಲ್ಲ. ಪುಟ್ಟ ಲೋಡರೊಂದು ಪಿನ್ನಿನೊಳಗೆ ಸರಿಯಾಗಿ ಕೂತಾಗ ನಾನು ಖುಷಿಪಟ್ಟೆ. ಭಾವ ಬಗ್ಗಿ ಟೈರು ನೋಡಿ ತಲೆಯಾಡಿಸಿದರು. ಅದು ನಿಂತಲ್ಲೇ ತಿರುಗುವಾಗ ಟೈರು ನೆಲವನ್ನು ಕಿತ್ತು ಹಾಕುತ್ತದಂತೆ, ಓಣಿಯ ಕೆಳಗೆ ನಮ್ಮ ಚರಂಡಿಯ ಪೈಪು ಹೋಗಿದೆಯಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುವುದನ್ನು ಯಂತ್ರಗಳ ವಿಷಯದಲ್ಲಿ ಇಷ್ಟು ಶ್ರದ್ಧೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ಕೊನೆಗೆ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದ್ದ ಮಿನಿ ಹಿಟಾಚಿ ಕಣ್ಣಿಗೆ ಬಿತ್ತು. ಕೈ ಚಾಚಿ ಮಣ್ಣು ತೋಡುವ ಯಂತ್ರಕ್ಕೆಲ್ಲ ನಮ್ಮ ಜನ ಹಿಟಾಚಿ ಅನ್ನುತ್ತಾರೆ, ಅದರ ಮೈಮೇಲೆ ಯಾರ ಹೆಸರು ಬರೆದಿದ್ದರೂ ಅಷ್ಟೆ. ಇದಕ್ಕೆ ಟೈರಿಲ್ಲ, ರಬ್ಬರಿನ ಚೈನು, ಭಾರ ಹರಡಿಕೊಳ್ಳುತ್ತದೆ. ಮೇಲ್ಭಾಗ ತಿರುಗಿದರೂ ಬೆನ್ನು ಹೊರಗೆ ಚಾಚುವುದಿಲ್ಲ, ಗೋಡೆಗೆ ತಾಗುವುದಿಲ್ಲ. ಭಾವ ಹೆಬ್ಬೆರಳಿನಿಂದ ಚೈನು ಒತ್ತಿ ನೋಡಿದರು, ಬಕೆಟ್ಟನ್ನು ಹಿಡಿದು ಅಲ್ಲಾಡಿಸಿ ಸಡಿಲವಿದೆಯೇ ಎಂದು ನೋಡಿದರು, ಕೆಳಗೆ ಮಲಗಿ ಎಣ್ಣೆ ತೊಟ್ಟಿಕ್ಕುತ್ತದೆಯೇ ಎಂದು ನೋಡಿದರು, ಎಂಜಿನ್ ಹಾಕಿಸಿ ಕಣ್ಣು ಮುಚ್ಚಿಕೊಂಡು ಕೇಳಿದರು. ನಮ್ಮಕ್ಕನನ್ನು ಒಪ್ಪಿಕೊಳ್ಳುವಾಗ ಇದರ ಕಾಲುಭಾಗವೂ ನೋಡಿರಲಿಲ್ಲ. ನಾನು ಟೇಪು ಹಿಡಿದೆ. ಪಿನ್ನಿನೊಳಗೇ ಮುಗಿಯಿತು, ಇನ್ನೂ ಎರಡು ಬೆರಳು ಉಳಿಯಿತು.

"ಇದೇ," ಅಂದರು ಭಾವ.

ಅಲ್ಲಿಗೆ ಹೊರಟು ಬಂದಿದ್ದರೆ ಚೆನ್ನಾಗಿತ್ತು. ಆದರೆ ಶೆಡ್ಡಿನ ಬಾಗಿಲಲ್ಲಿ ಎರಡು ಉರುಳೆಯ ಒಂದು ಮರಿ ರೋಲರ್ ನಿಂತಿತ್ತು. ಭಾವ ಅದರ ಉರುಳೆಯ ಮೇಲೆ ಕೈ ಸವರಿದ ರೀತಿ ನೋಡಿಯೇ ನನಗೆ ಅನುಮಾನ ಬಂತು.

"ಅದ್ಯಾಕೆ ಭಾವ?"

"ದಿಬ್ಬದ ಮುಖ ಗಟ್ಟಿಯಾಗ್ಬೇಕಲ್ಲ. ಸಡಿಲ ಮಣ್ಣಾದ್ರೆ ಚಕ್ರ ಹೂತುಹೋಗುತ್ತೆ."

ಮಾತು ನ್ಯಾಯವಾಗಿಯೇ ಇತ್ತು. ಆದರೆ ಮಗುವಿಗೆ ಆಟದ ಸಾಮಾನು ತರಲು ಹೋದವರು ತಮಗೂ ಒಂದು ಕೊಂಡುಕೊಂಡ ಹಾಗಿತ್ತು ಅವರ ಮುಖ.

ಯಂತ್ರದ ಜೊತೆ ಅದನ್ನು ಓಡಿಸುವವನೂ ಬಂದ. ಅವನನ್ನು ನಾವು ಹಿಟಾಚಿಯಣ್ಣ ಅಂದೆವು. ಚೂಟಿ ಕೆಲಸಕ್ಕೆ ಹೋಗುವ ಮೊದಲು ಹಿತ್ತಲಲ್ಲಿ ಸುಣ್ಣದ ಪುಡಿಯಿಂದ ದಾರಿ ಬರೆದಿಟ್ಟು ಹೋಗುತ್ತಿದ್ದಳು. ಅವನು ಅದರಂತೆ ಒಂದು ಕಡೆ ತೋಡಿ ಇನ್ನೊಂದು ಕಡೆ ಗುಡ್ಡೆ ಹಾಕುತ್ತಿದ್ದ. ಸಂಜೆ ಬಂದವಳು ಕೈ ಕಾಲು ತೊಳೆಯದೆ ಅವನ ಪಕ್ಕ ನಿಂತು ಯಾವ ಲಿವರ್ ಎಳೆದರೆ ಯಾವ ಕೀಲು ಮಡಚುತ್ತದೆ ಎಂದು ಕೇಳಿ ಕಲಿತಳು, ತಾನೂ ನಾಲ್ಕು ಬಕೆಟ್ ಮಣ್ಣು ಎತ್ತಿದಳು. ನನ್ನ ಬಟ್ಟೆಯ ತಂತಿ ತಾರಸಿಗೆ ಹೋಯಿತು. ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ನಾನು ಹೇಳದೆಯೂ ಬಿಡಲಿಲ್ಲ.

ಶುಕ್ರವಾರ ಸಂಜೆಗೆ ಮೂರು ದಿಬ್ಬ ಎದ್ದಿದ್ದವು. ಕೊನೆಯದು ನನ್ನ ಎದೆಯೆತ್ತರ. ಚೂಟಿ ಅದರ ನೆತ್ತಿಯ ಮೇಲೆ ನಿಂತು ಕೈ ಅಗಲಿಸಿ ನಕ್ಕಳು. ಹಿಟಾಚಿಯಣ್ಣ ಯಂತ್ರವನ್ನು ಸೋಮವಾರ ಒಯ್ಯುತ್ತೇನೆ, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದು ಹೇಳಿ ತನ್ನೂರಿಗೆ ಹೋದ. ಉಳಿದದ್ದು ದಿಬ್ಬದ ಮುಖ ಗಟ್ಟಿ ಮಾಡುವುದು. ಅದು ಭಾವನ ಪಾಲಿನ ಕೆಲಸ.

ಶನಿವಾರ ಅಕ್ಕನಿಗೆ ಕಣ್ಣು ತೋರಿಸಲು ನಾನು ಜೊತೆಗೆ ಹೋದೆ. ಚೂಟಿ ಕೆಲಸದಲ್ಲಿದ್ದಳು. ಮನೆಯಲ್ಲಿ ಭಾವ, ಅವರ ಮರಿ ರೋಲರ್, ಇಬ್ಬರೇ. ನಾವು ಹಿಂದಿರುಗಿ ಹಿತ್ತಲ ಬಾಗಿಲು ತೆರೆದಾಗ ಅಕ್ಕ ಕಣ್ಣುಜ್ಜಿಕೊಂಡಳು. ಡಾಕ್ಟರು ಹಾಕಿದ ಔಷಧಿಯಿಂದ ಹೀಗೆ ಕಾಣುತ್ತಿದೆ ಅಂದುಕೊಂಡಳಂತೆ. ನನ್ನ ಕಣ್ಣಿಗೆ ಯಾರೂ ಔಷಧಿ ಹಾಕಿರಲಿಲ್ಲ. ದಿಬ್ಬಗಳಿರಲಿಲ್ಲ. ಮೊದಲನೆಯದಿದ್ದ ಜಾಗದಲ್ಲಿ ಹೊಸ್ತಿಲಿನಷ್ಟು ಎತ್ತರ, ಎದೆಯೆತ್ತರದ್ದು ಮೊಣಕಾಲಿಗೂ ಬರುತ್ತಿರಲಿಲ್ಲ, ಉಳಿದದ್ದೆಲ್ಲ ಕ್ಯಾರಂ ಬೋರ್ಡು. ನಡುವೆ ಭಾವ ರೋಲರಿನ ಸೀಟಿನಲ್ಲಿ ಕೂತು ಟವೆಲಿನಿಂದ ಬೆವರು ಒರೆಸುತ್ತಿದ್ದರು. ಅವರ ಮುಖದಲ್ಲಿ ಒಳ್ಳೆಯ ಕೆಲಸ ಮುಗಿಸಿದವರ ತೃಪ್ತಿ ಇತ್ತು. ನಮ್ಮ ಮುಖ ನೋಡಿದ ಮೇಲೆ ಅವರು ತಿರುಗಿ ಹಿತ್ತಲನ್ನು ನೋಡಿದರು. ಆಗಲೇ ಅವರಿಗೂ ಕಂಡದ್ದು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನನಗೆ ಬಂದ ಸಿಟ್ಟಿಗೆ ಬಾಯಿಗೆ ಸಿಕ್ಕಿದ್ದೆಲ್ಲ ಅಂದೆ. ಅಕ್ಕ ಮೆಟ್ಟಿಲ ಮೇಲೆ ಕೂತು ಗೇಟಿನ ಕಡೆ ನೋಡತೊಡಗಿದಳು. ಅದು ನನ್ನ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಬೆಳಕಿರುವಾಗಲೇ ಚೂಟಿ ಬಂದಳು. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

"ವಾಲಿಬಾಲ್ ಆಡಬಹುದು," ಅಂದಳು. ಕೂಗಾಡಲಿಲ್ಲ. ಒಳಗೆ ಹೋಗಿ ಹೆಲ್ಮೆಟ್ಟು, ಬೂಟು, ಮೊಣಕಾಲಿಗೆ ಕಟ್ಟುವ ಪಟ್ಟಿ ಎಲ್ಲ ತಂದು ಮುಂಬಾಗಿಲ ಪಕ್ಕ ಜೋಡಿಸಿಟ್ಟಳು. ಕ್ವಾರಿಗೆ ಹೋಗುವ ಹಿಂದಿನ ದಿನ ಅವಳು ಯಾವಾಗಲೂ ಮಾಡುವ ಕೆಲಸ ಅದು. ಹೇಳಿಯೇ ಹೋಗುತ್ತೇನೆ ಅಂದಿದ್ದಳು, ಹೇಳಿದ ಹಾಗೇ ಆಯಿತು.

ಭಾವ ಅವಳ ಹಿಂದೆಯೇ ಬಂದು ನಿಂತರು.

"ನಂಗೆ ಗೊತ್ತೇ ಆಗ್ಲಿಲ್ಲ ಕಣೇ."

"ಇಡೀ ದಿನ ಓಡಿಸಿದೀಯ ಅಪ್ಪ. ದಿಬ್ಬ ತಗ್ಗಿದ್ದು ಗೊತ್ತಾಗ್ಲಿಲ್ವಾ?"

ಭಾವ ಕೈಯಲ್ಲಿದ್ದ ಟವೆಲನ್ನು ಮಡಚುತ್ತ ಹೇಳಿದರು, "ಮುಖ ಗಟ್ಟಿ ಮಾಡೋಕೇ ಶುರು ಮಾಡಿದೆ. ಆದ್ರೆ ಪ್ರತಿ ಸಲ ದಿಬ್ಬದ ಹತ್ರ ಹೋದಾಗ್ಲೂ ಅದರಾಚೆ ನೀನು ಬಿದ್ದಿರೋದು ಕಾಣ್ತಿತ್ತು. ಒಂಚೂರು ತಗ್ಗಿಸೋಣ ಅಂದ್ಕೊಂಡೆ. ತಗ್ಗಿಸಿದ ಮೇಲೂ ಕಾಣ್ತಿತ್ತು. ಇನ್ನೊಂಚೂರು ಅಂದ್ಕೊಂಡೆ."

ಅಲ್ಲಿಯವರೆಗೆ ಈ ಮನೆಯಲ್ಲಿ ಹೆದರಿಕೆ ಇರುವುದು ಅಕ್ಕನಿಗೊಬ್ಬಳಿಗೇ ಎಂದು ನಾವೆಲ್ಲ ನಂಬಿದ್ದೆವು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಚೂಟಿ ಬೂಟಿನ ಪಕ್ಕ ನೆಲದ ಮೇಲೆ ಕೂತಳು. "ಅಪ್ಪ, ಕ್ವಾರೀಲಿ ದಿಬ್ಬ ಹೇಗಿದ್ಯೋ ಹಾಗೇ ಹಾರ್ತೀವಿ. ಯಾರೂ ಕಟ್ಟಿದ್ದಲ್ಲ ಅದು. ಇಳಿಯೋ ಕಡೆ ಕಲ್ಲಿದ್ರೆ ಕಲ್ಲಿನ ಮೇಲೇ ಇಳಿಯೋದು. ನಾನು ಬಿದ್ದಿದ್ದು ಎತ್ತರದಿಂದ ಅಲ್ಲ, ಇಳಿಯೋ ಜಾಗ ಸರಿ ಇಲ್ದೆ. ಇಲ್ಲಾದ್ರೆ ಅದನ್ನ ನೀನು ನೋಡ್ತೀಯ ಅಂತ ನಾನು ಒಪ್ಕೊಂಡಿದ್ದು."

ಭಾವ ತಲೆಯೆತ್ತಿದರು. "ಇಳಿಯೋ ಕಡೆ ಹೇಗಿರ್ಬೇಕು?"

"ಏರಿನಷ್ಟೇ ಉದ್ದ ಇಳಿಜಾರು. ನುಣ್ಣಗೆ. ಒಂದು ಕಲ್ಲೂ ಇರಬಾರ್ದು."

"ಅದು ನಂಗೆ ಬರುತ್ತೆ," ಅಂದರು ಭಾವ. ಆಮೇಲೆ ಹಿತ್ತಲಲ್ಲಿ ನಿಂತ ಹಿಟಾಚಿಯ ಕಡೆ ಕೈ ತೋರಿಸಿದರು. "ದಿಬ್ಬ ಎತ್ತೋದು ನನ್ನ ಕೈಗೆ ಬರಲ್ಲ. ಅದನ್ನ ನೀನು ಓಡ್ಸು."

ಆಗುತ್ತೆಯವರಿಗೆ ಫೋನು ಮಾಡಿ, ನಾಳೆ ಮಗಳೇ ಯಂತ್ರ ಓಡಿಸಬಹುದೇ ಎಂದು ಕೇಳಿದೆವು. ಅವರು ಏನೆಂದರು ಎಂದು ಬೇರೆ ಹೇಳಬೇಕಿಲ್ಲ. ಅವರ ಆ ಮಾತು ನನ್ನ ಕಿವಿಗೆ ಹಿತವಾಗಿ ಕೇಳಿಸಿದ್ದು ಅದೊಂದೇ ಸಲ.

ಭಾನುವಾರ ಬೆಳಗ್ಗೆ ಬೂಟುಗಳು ಮುಂಬಾಗಿಲಿನಿಂದ ಹಿತ್ತಲ ಬಾಗಿಲಿಗೆ ಬಂದವು. ಚೂಟಿ ಹಿಟಾಚಿಯಲ್ಲಿ ಕೂತಳು. ಭಾವ ಎದುರು ನಿಂತು ಕೈಸನ್ನೆ ಮಾಡಿದರು. ರೋಲರಿನವರ ಸನ್ನೆ ಒಂದೇ, ಅಂಗೈ ಕೆಳಗೆ ಮಾಡಿ ಒತ್ತುವುದು. ತಗ್ಗಿಸು, ಇನ್ನೂ ತಗ್ಗಿಸು. ಅವತ್ತು ಅವರ ಅಂಗೈ ಮೇಲ್ಮುಖವಾಗಬೇಕಿತ್ತು. ಮೊದಮೊದಲು ಅದು ತಾನಾಗಿ ತಿರುಗಿ ಕೆಳಗಾಗುತ್ತಿತ್ತು, ಮಗಳು ಹಾರ್ನ್ ಹೊಡೆಯುತ್ತಿದ್ದಳು, ಇವರು ಬೆಚ್ಚಿ ಮತ್ತೆ ಮೇಲೆ ಮಾಡುತ್ತಿದ್ದರು. ರೋಲರಿನ ಕೀಲಿಯನ್ನು ಅಕ್ಕ ಮುಷ್ಟಿಯಲ್ಲಿ ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು. ಒಂದು ದಿಬ್ಬ ಎದ್ದ ಮೇಲೆ ಕೀಲಿ ಕೊಡುವಳು. ಭಾವ ಇಳಿಜಾರಿನ ಮೇಲೆ ನಾಲ್ಕು ಸಲ ಓಡಾಡುವಷ್ಟರಲ್ಲಿ, "ಸಾಕು ಬನ್ರೀ" ಎಂದು ಕೂಗಿ ಕೀಲಿ ವಾಪಸು ತೆಗೆದುಕೊಳ್ಳುವಳು. ಮಗಳು ದಿಬ್ಬ ಹಾರುತ್ತಾಳೆಂದು ನಿದ್ದೆಗೆಟ್ಟವಳೇ ದಿಬ್ಬದ ಕಾವಲಿಗೆ ಕೂತಳು. ನಾನು ಕಲ್ಲು ಆರಿಸಿದೆ. ಕಡಲೆಕಾಳಿನಷ್ಟು ಕಲ್ಲನ್ನೂ ಭಾವ ಬಿಡಲಿಲ್ಲ, ಮೊಣಕಾಲೂರಿ ಕೂತು ಇಳಿಜಾರಿನ ಮೇಲೆ ಅಂಗೈ ಸವರುತ್ತ ಹುಡುಕಿದರು.

ಬಿಸಿಲು ಇಳಿದ ಮೇಲೆ ಚೂಟಿ ಹೆಲ್ಮೆಟ್ಟು ಹಾಕಿಕೊಂಡಳು. ಸಣ್ಣ ದಿಬ್ಬ ದಾಟಿದಳು, ನಡುವಿನದು ದಾಟಿದಳು. ಎದೆಯೆತ್ತರದ್ದರ ಎದುರು ಬಂದಾಗ ಅಕ್ಕ ನನ್ನ ತೋಳು ಹಿಡಿದಳು, ಭಾವ ಕಣ್ಣು ಮುಚ್ಚಿಕೊಂಡರು. ಬೈಕು ನೆಲ ಬಿಟ್ಟಿತು. ಎಂಜಿನ್ನಿನ ಸದ್ದು ಒಂದು ಕ್ಷಣ ಬೇರೆಯೇ ಆಯಿತು. ಆಮೇಲೆ ಎರಡೂ ಚಕ್ರ ಇಳಿಜಾರಿನ ಮೇಲೆ ಇಳಿದವು. ಧಡ್ ಅನ್ನಲಿಲ್ಲ, ಕುಲುಕಲಿಲ್ಲ, ಹಾಗೇ ಹರಿದುಕೊಂಡು ಹೋಯಿತು. ಭಾವ ಕಣ್ಣು ತೆರೆಯದೆಯೇ ತಲೆಯಾಡಿಸಿದರು. ಸದ್ದು ಕೇಳಿಯೇ ಅವರಿಗೆ ನೆಲ ಸರಿಯಿದೆ ಎಂದು ತಿಳಿದಿತ್ತು. ನನ್ನ ತೋಳಿನ ಮೇಲೆ ಅಕ್ಕನ ಉಗುರಿನ ಗುರುತು ಎರಡು ದಿನ ಇತ್ತು, ಆದರೂ ಅವತ್ತಿನಷ್ಟು ಹಗುರ ನನ್ನ ಮನಸ್ಸು ಬಹಳ ದಿನದಿಂದ ಆಗಿರಲಿಲ್ಲ.

ಈಗ ಪ್ರತಿ ಭಾನುವಾರ ನಮ್ಮ ಹಿತ್ತಲಲ್ಲಿ ಕಿವಿ ಕಿವುಡಾಗುವ ಗದ್ದಲ. ತಾರಸಿಯ ಮೇಲಿನ ನನ್ನ ಬಟ್ಟೆಯನ್ನೂ ಧೂಳು ಬಿಡುವುದಿಲ್ಲ. ಚೂಟಿ ಮುಗಿಸಿದ ಮೇಲೆ ಭಾವ ಹಾರೆ, ಬುಟ್ಟಿ ಹಿಡಿದು ಇಳಿಜಾರು ಸರಿ ಮಾಡಲು ಹೋಗುತ್ತಾರೆ. ದಿಬ್ಬದ ನೆತ್ತಿ ಮುಟ್ಟುವುದಿಲ್ಲ. ಅಕ್ಕ ಊಟ ಮುಗಿಸಿ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಬೈಕು ಎರಡು ಸುತ್ತು ಹಾಕುವಷ್ಟರಲ್ಲಿ ಅವಳ ಕತ್ತು ವಾಲುತ್ತದೆ. ಆ ಗದ್ದಲದ ನಡುವೆ ಬಾಯಿ ತೆರೆದು ಗೊರಕೆ ಹೊಡೆಯುತ್ತಾಳೆ.

ಮೊನ್ನೆ ನಡುವೆ ಸದ್ದು ಥಟ್ಟನೆ ನಿಂತಿತು. ಅಕ್ಕ ತಕ್ಷಣ ಕಣ್ಣು ಬಿಟ್ಟು ಎದ್ದು ಕೂತಳು.

"ಏನಾಯ್ತು?"

"ಪೆಟ್ರೋಲ್ ಖಾಲಿ ಅಮ್ಮ," ಎಂದಳು ಚೂಟಿ, ದಿಬ್ಬದಾಚೆಯಿಂದ.

ಭಾವ ಆಗಲೇ ಕ್ಯಾನು ಹಿಡಿದು ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದರು. "ಬೇಗ ತನ್ರೀ," ಅಂದಳು ಅಕ್ಕ, ಮತ್ತೆ ಕುರ್ಚಿಗೆ ಒರಗುತ್ತ. "ನಂಗಿನ್ನೂ ನಿದ್ದೆ ಆಗಿಲ್ಲ."